ಉಪ್ಪುನೀರಿನ ಒಡ್ಡಿನ ಕಥೆ



ಮಳೆಗಾಗಿ ಮುಗಿಲು ನೋಡುವ ನಮಗೆ ಸಮುದ್ರದಂಚಿನ ಕಾಡಿನ ಸುದ್ದಿ ಯಾಕೆ ಎಂದು ನೀವು ಕೇಳಬಹುದು. ಆದರೆ ಒಡ್ಡು ಒಡೆದರೆ ಹೊಲದ ಗತಿ ಏನೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಇದೂ ಒಡ್ಡಿನದೇ ಕಥೆ.

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆ ಕಡಲು ಸೇರುತ್ತದೆ. ಆ ಅಳಿವೆಯ ಉಪ್ಪು ಕೆಸರಿನಲ್ಲಿ ಬೆಳೆಯುವ ಗಿಡಕ್ಕೆ ಕರಾವಳಿಯ ಕನ್ನಡಿಗರು ಕಾಂಡ್ಲ ಎನ್ನುತ್ತಾರೆ. ಮರಾಠಿಯಲ್ಲಿ ಅದರ ಕಾಡಿಗೆ ಕಾಂದಳವನ ಎಂದು ಹೆಸರು. ಎರಡೂ ಹೆಸರು ಕಿವಿಗೆ ನೆಂಟರಂತೆ ಕೇಳುತ್ತವೆ. ಕಾಂಡ್ಲದ ಬೇರು ಅಲೆಯ ಹೊಡೆತ ತಡೆಯುತ್ತದೆ. ಅದರ ಸಂದಿಯಲ್ಲಿ ಮೀನು, ಸಿಗಡಿ, ಏಡಿಗಳ ಮರಿ ಬೆಳೆಯುತ್ತವೆ.

ಅಲ್ಲಿನ ರೈತರು ಮಣ್ಣಿನ ಒಡ್ಡು ಹಾಕಿ, ಗಜನಿ ಎಂಬ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದರು. ಕೊಯ್ಲಾದ ಮೇಲೆ ಅಲ್ಲೇ ಮೀನು, ಸಿಗಡಿ. ಒಡ್ಡಿಗೆ ಕಾಂಡ್ಲದ ಕಾವಲು. 1970ರ ದಶಕದಲ್ಲಿ ಸರಕಾರ ಗಟ್ಟಿ ಕಲ್ಲಿನ ಒಡ್ಡು ಕಟ್ಟಿಸಿತು. ಕಲ್ಲಿರುವಾಗ ಗಿಡವೇಕೆ ಎಂಬ ಭಾವನೆ ಬಂತು. ಮುಂದೆ ಸಿಗಡಿಗೆ ಪರದೇಶದ ಪೇಟೆ ಸಿಕ್ಕಿತು. ಎಷ್ಟೋ ಗಜನಿಗಳು ಸಿಗಡಿ ಹೊಂಡಗಳಾದವು, ಕಗ್ಗ ಹಿಂದೆ ಬಿತ್ತು. 1990ರ ದಶಕದಲ್ಲಿ ಸಿಗಡಿಗೆ ರೋಗ ಬಡಿಯಿತು. ದುಡ್ಡೂ ಹೋಯಿತು, ಗದ್ದೆಯೂ ಹೋಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಹಳೆಯ ಪದ್ಧತಿಯವನ್ನು ಬಿಟ್ಟು, ಕರಾವಳಿ ನಿಯಂತ್ರಣ ವಲಯದ ಸಿಗಡಿ ಹೊಂಡಗಳನ್ನು ತೆಗೆಯಿರಿ ಎಂದಿತು. 2005ರ ಕಾನೂನು ಮತ್ತೆ ಪರವಾನಗಿಯ ದಾರಿ ತೆರೆಯಿತು.

ನಮ್ಮ ಊರುಗಳಿಂದ ಮುಂಬಯಿಗೆ ದುಡಿಯಲು ಹೋದವರು ಅದೇ 2005ರ ಜುಲೈ 26ನ್ನು ಮರೆತಿರಲಾರರು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ನಮ್ಮಲ್ಲಿ ವರ್ಷವಿಡೀ ಅಷ್ಟು ಬೀಳುವುದಿಲ್ಲ. ಮೀಠಿ ನದಿಯ ಕಾಂದಳವನಕ್ಕೆ ಮಣ್ಣು ತುಂಬಿ ಕಟ್ಟಡ ಎಬ್ಬಿಸಿದ್ದರಿಂದ ನೀರಿಗೆ ಜಾಗ ಸಾಲಲಿಲ್ಲ. ಅಕ್ಟೋಬರಿನಲ್ಲಿ ಮುಂಬಯಿ ಹೈಕೋರ್ಟು ಮಹಾರಾಷ್ಟ್ರದಾದ್ಯಂತ ಕಾಂದಳವನ ಕಡಿಯುವುದನ್ನು ತಡೆಯಿತು.

ಅಘನಾಶಿನಿಯಲ್ಲಿ ಅರಣ್ಯ ಇಲಾಖೆ ಕಾಂಡ್ಲ ನೆಡಿಸಿದೆ. ಆ ಅಳಿವೆ ರಾಮ್‌ಸರ್ ಪಟ್ಟಿ ಸೇರಿದೆ. ಇಳಿತದ ಹೊತ್ತಿಗೆ ಹೆಂಗಸರು ಈಗಲೂ ಅಲ್ಲಿ ಬಳಚು ಹೆಕ್ಕುತ್ತಾರೆ. ಹೊಂಡಕ್ಕೆ ಒಡೆಯನಿರುತ್ತಾನೆ, ಅಳಿವೆಯಲ್ಲಿ ಬಡವರಿಗೂ ಪಾಲಿದೆ. ಕಾಂಡ್ಲ ಹೋದರೆ ಮೊದಲು ಬರಿದಾಗುವುದು ಅವರ ಬುಟ್ಟಿ.

ಕೇಳುಗರೇ, ನಿಮ್ಮ ಒಡ್ಡಿನ ಮೇಲಿನ ಬೇವಿಗೆ ಕೊಡಲಿ ಎತ್ತುವ ಮುಂಚೆ, ಆ ಬೇರು ಎಷ್ಟು ಮಣ್ಣು ಹಿಡಿದಿದೆ ಎಂದು ಒಮ್ಮೆ ಬಗ್ಗಿ ನೋಡಿರಿ.