ಅಮೇರಿಕದ ಕಾಲೇಜುಗಳಲ್ಲಿ ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಆರ್ಥಿಕ ನೆರವು

ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ಪದವಿ ವ್ಯಾಸಂಗದ ಖರ್ಚನ್ನು ಭರಿಸಲು ವಿದ್ಯಾರ್ಥಿಗೆ ದೊರೆಯುವ ವಿದ್ಯಾರ್ಥಿವೇತನ, ಸಹಾಯಧನ, ಅರೆಕಾಲಿಕ ಕೆಲಸ ಮತ್ತು ಸಾಲಗಳನ್ನು ಒಟ್ಟಾಗಿ ಆರ್ಥಿಕ ನೆರವು ಎಂದು ಕರೆಯಲಾಗುತ್ತದೆ. ಒಕ್ಕೂಟ ಸರ್ಕಾರ, ರಾಜ್ಯ ಸರ್ಕಾರಗಳು, ಕಾಲೇಜುಗಳು ಮತ್ತು ಖಾಸಗಿ ಪ್ರತಿಷ್ಠಾನಗಳು ಈ ನೆರವಿನ ನಾಲ್ಕು ಮೂಲಗಳು. ಇವುಗಳಲ್ಲಿ ಖಾಸಗಿ ಪ್ರತಿಷ್ಠಾನಗಳ ಬಹುಮಾನಗಳೇ ಹೆಚ್ಚು ಪ್ರಚಾರ ಪಡೆದಿದ್ದರೂ, ಅತ್ಯುತ್ತಮ ಅಂಕಗಳನ್ನು ಗಳಿಸಿದ ವಿದ್ಯಾರ್ಥಿಗೆ ಸಿಗುವ ದೊಡ್ಡ ಮೊತ್ತವು ಸಾಮಾನ್ಯವಾಗಿ ಕಾಲೇಜಿನ ಸ್ವಂತ ನಿಧಿಯಿಂದಲೇ ಬರುತ್ತದೆ. ಆದುದರಿಂದ ಯಾವ ಕಾಲೇಜುಗಳಿಗೆ ಅರ್ಜಿ ಸಲ್ಲಿಸಬೇಕೆಂಬ ತೀರ್ಮಾನವೇ ನೆರವಿನ ಹುಡುಕಾಟದ ಮುಖ್ಯ ಭಾಗವಾಗಿದೆ.

ಪ್ರಕಟಿತ ವೆಚ್ಚ ಮತ್ತು ನಿವ್ವಳ ವೆಚ್ಚ

ಬೋಧನಾ ಶುಲ್ಕ, ಊಟ, ವಸತಿ, ಪುಸ್ತಕ ಮೊದಲಾದವುಗಳನ್ನು ಸೇರಿಸಿ ಕಾಲೇಜು ಘೋಷಿಸುವ ಮೊತ್ತವು ಪ್ರಕಟಿತ ವೆಚ್ಚ. ಮರುಪಾವತಿ ಮಾಡಬೇಕಾಗಿಲ್ಲದ ನೆರವನ್ನು ಅದರಿಂದ ಕಳೆದಾಗ ಉಳಿಯುವುದು ನಿವ್ವಳ ವೆಚ್ಚ. ಇವೆರಡರ ನಡುವಿನ ಅಂತರ ಬಹಳ ದೊಡ್ಡದಾಗಿರಬಹುದು. ಉದಾಹರಣೆಗೆ, ವರ್ಷಕ್ಕೆ 90,000 ಡಾಲರ್ ವೆಚ್ಚದ ಒಂದು ಕಾಲೇಜು 80,000 ಡಾಲರ್ ಸಹಾಯಧನ ನೀಡುತ್ತದೆ, 35,000 ಡಾಲರ್ ವೆಚ್ಚದ ಇನ್ನೊಂದು 15,000 ಡಾಲರ್ ನೀಡುತ್ತದೆ ಎಂದುಕೊಂಡರೆ, ಆ ಕುಟುಂಬಕ್ಕೆ ದುಬಾರಿಯೆಂದು ಕಂಡ ಕಾಲೇಜೇ ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ. 2008ರ ಕಾಯ್ದೆಯೊಂದರ ಪ್ರಕಾರ, ಒಕ್ಕೂಟ ಸರ್ಕಾರದ ನೆರವಿನಲ್ಲಿ ಭಾಗಿಯಾಗಿರುವ ಕಾಲೇಜುಗಳು 2011ರ ಅಕ್ಟೋಬರ್‌ನಿಂದ ತಮ್ಮ ಜಾಲತಾಣಗಳಲ್ಲಿ ನಿವ್ವಳ ವೆಚ್ಚದ ಗಣಕವನ್ನು ಒದಗಿಸಬೇಕಾಗಿದೆ. ಕುಟುಂಬದ ಆದಾಯ, ಆಸ್ತಿ ಮೊದಲಾದ ವಿವರಗಳನ್ನು ನಮೂದಿಸಿದರೆ ಅದು ಅಂದಾಜು ಮೊತ್ತವನ್ನು ತೋರಿಸುತ್ತದೆ. ಸ್ವಂತ ವ್ಯಾಪಾರ ಅಥವಾ ಜಮೀನು ಇರುವ ಕುಟುಂಬಗಳಿಗೆ ಈ ಅಂದಾಜು ಅಷ್ಟು ನಿಖರವಾಗಿರುವುದಿಲ್ಲ.

ಸರ್ಕಾರಿ ನೆರವು

ಅಧ್ಯಕ್ಷ ಲಿಂಡನ್ ಜಾನ್ಸನ್ 1965ರಲ್ಲಿ ಸಹಿ ಹಾಕಿದ ಉನ್ನತ ಶಿಕ್ಷಣ ಕಾಯ್ದೆಯು ಒಕ್ಕೂಟ ಸರ್ಕಾರದ ನೆರವಿಗೆ ತಳಹದಿಯಾಗಿದೆ. ಅಲ್ಪ ಆದಾಯದ ವಿದ್ಯಾರ್ಥಿಗಳಿಗಾಗಿ 1972ರಲ್ಲಿ ಆರಂಭವಾದ ಸಹಾಯಧನಕ್ಕೆ 1980ರಲ್ಲಿ ಸೆನೆಟರ್ ಕ್ಲೇಬೋರ್ನ್ ಪೆಲ್ ಅವರ ಹೆಸರನ್ನಿಡಲಾಯಿತು. 2024–25ರಲ್ಲಿ ಪೆಲ್ ಸಹಾಯಧನದ ಗರಿಷ್ಠ ಮೊತ್ತ 7,395 ಡಾಲರ್ ಆಗಿತ್ತು. ಇದಕ್ಕೆ ಫಾಫ್ಸಾ ಎಂಬ ಉಚಿತ ಅರ್ಜಿಯನ್ನು ಪ್ರತಿ ವರ್ಷವೂ ಸಲ್ಲಿಸಬೇಕು. ಕಾಲೇಜಿನ ಸ್ವಂತ ನಿಧಿಗಾಗಿ ಹಲವು ಖಾಸಗಿ ಕಾಲೇಜುಗಳು ಕಾಲೇಜ್ ಬೋರ್ಡ್ ನಡೆಸುವ ಸಿಎಸ್‌ಎಸ್ ಪ್ರೊಫೈಲ್ ಅನ್ನೂ ಕೇಳುತ್ತವೆ. ಇದು ಹೆಚ್ಚು ವಿಸ್ತಾರವಾದುದು. ಕೆಲವು ಕಾಲೇಜುಗಳು ಇದರ ಮೂಲಕ ಮನೆಯ ಮೌಲ್ಯವನ್ನೂ, ವಿಚ್ಛೇದನವಾಗಿದ್ದಲ್ಲಿ ಬೇರೆಯಾಗಿರುವ ಪೋಷಕರ ಆದಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಕೆಲವು ರಾಜ್ಯಗಳು ಅಂಕಗಳ ಆಧಾರದ ಮೇಲೆ ತಮ್ಮ ನಿವಾಸಿಗಳಿಗೆ ನೆರವು ನೀಡುತ್ತವೆ. ಲಾಟರಿಯ ಆದಾಯದಿಂದ ನಡೆಯುವ ಜಾರ್ಜಿಯಾ ರಾಜ್ಯದ ಹೋಪ್ ವಿದ್ಯಾರ್ಥಿವೇತನವು 1993ರಲ್ಲಿ ಆರಂಭವಾಗಿ ಇತರ ರಾಜ್ಯಗಳಿಗೆ ಮಾದರಿಯಾಯಿತು.

ಅಗತ್ಯಾಧಾರಿತ ನೆರವು

ಅತ್ಯಂತ ಪ್ರಸಿದ್ಧ ವಿಶ್ವವಿದ್ಯಾಲಯಗಳಲ್ಲಿ ಪ್ರತಿಭೆಗೆಂದೇ ಪ್ರತ್ಯೇಕ ವಿದ್ಯಾರ್ಥಿವೇತನ ಸಿಗುತ್ತದೆಂಬುದು ಸಾಮಾನ್ಯವಾದ ತಪ್ಪುಕಲ್ಪನೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದಂತೆ ಐವಿ ಲೀಗ್‌ನ ಎಂಟು ಸಂಸ್ಥೆಗಳು ಅಂಕಗಳಿಗಾಗಲಿ ಕ್ರೀಡೆಗಾಗಲಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಪ್ರತಿಭೆಯು ಪ್ರವೇಶವನ್ನು ದೊರಕಿಸುತ್ತದೆ. ನೆರವನ್ನು ನಿರ್ಧರಿಸುವುದು ಕುಟುಂಬದ ಆರ್ಥಿಕ ಸ್ಥಿತಿ. ಆದರೆ ದೊಡ್ಡ ದತ್ತಿನಿಧಿಗಳಿರುವ ಕಾರಣ ಈ ನೆರವು ಬಹಳ ಉದಾರವಾಗಿದೆ. ಪ್ರಿನ್ಸ್‌ಟನ್ 2001ರಲ್ಲಿ ತನ್ನ ನೆರವಿನಲ್ಲಿದ್ದ ಸಾಲವನ್ನು ಪೂರ್ಣವಾಗಿ ಕೈಬಿಟ್ಟು ಅದರ ಬದಲಿಗೆ ಸಹಾಯಧನ ನೀಡಲಾರಂಭಿಸಿತು. 2004ರಲ್ಲಿ ಹಾರ್ವರ್ಡ್ ವರ್ಷಕ್ಕೆ 40,000 ಡಾಲರ್‌ಗಿಂತ ಕಡಿಮೆ ಆದಾಯವಿದ್ದ ಪೋಷಕರಿಂದ ಯಾವ ಹಣವನ್ನೂ ನಿರೀಕ್ಷಿಸುವುದಿಲ್ಲವೆಂದು ಘೋಷಿಸಿತು. ಈ ಮಿತಿ ಹಂತಹಂತವಾಗಿ ಏರಿ 2025–26ರಿಂದ ಒಂದು ಲಕ್ಷ ಡಾಲರ್ ಆಗಿದೆ; ಎರಡು ಲಕ್ಷ ಡಾಲರ್‌ವರೆಗೆ ಆದಾಯವಿರುವವರಿಗೆ ಬೋಧನಾ ಶುಲ್ಕವಿಲ್ಲ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯೂ 2025ರಿಂದ ಇದೇ ಮಿತಿಗಳನ್ನು ಅನುಸರಿಸುತ್ತಿದೆ. ಆದಾಯಕ್ಕೆ ಹೋಲಿಸಿದರೆ ಆಸ್ತಿ ಅಸಾಮಾನ್ಯವಾಗಿ ಹೆಚ್ಚಿದ್ದರೆ ಈ ಲೆಕ್ಕ ಬದಲಾಗುತ್ತದೆ.

ಇಲ್ಲಿ ಎರಡು ಪದಗಳನ್ನು ಬೇರೆಬೇರೆಯಾಗಿ ಅರಿಯಬೇಕು. ವಿದ್ಯಾರ್ಥಿಯ ಹಣದ ಅಗತ್ಯವನ್ನು ಪರಿಗಣಿಸದೆ ಪ್ರವೇಶ ನೀಡುವ ಕ್ರಮಕ್ಕೆ 'ನೀಡ್-ಬ್ಲೈಂಡ್' ಎನ್ನುತ್ತಾರೆ. ಲೆಕ್ಕ ಹಾಕಿದ ಅಗತ್ಯವನ್ನು ಪೂರ್ಣವಾಗಿ ತುಂಬಿಕೊಡುವುದು ಬೇರೆಯೇ ಭರವಸೆ. ಮೊದಲನೆಯದನ್ನು ಪಾಲಿಸಿ ಎರಡನೆಯದನ್ನು ಪಾಲಿಸದ ಕಾಲೇಜುಗಳು ಅನೇಕ. ಅಲ್ಲಿ ಸೀಟು ಸಿಕ್ಕಿಯೂ ಸೇರಲಾಗದ ಪರಿಸ್ಥಿತಿ ಉಂಟಾಗುತ್ತದೆ.

ಅಲ್ಪ ಆದಾಯದ ಪ್ರತಿಭಾವಂತರನ್ನು ಇಂತಹ ಸಂಸ್ಥೆಗಳಿಗೆ ಜೋಡಿಸುವ ಕ್ವೆಸ್ಟ್‌ಬ್ರಿಡ್ಜ್ ಎಂಬ ಲಾಭರಹಿತ ಸಂಸ್ಥೆಯ 'ನ್ಯಾಷನಲ್ ಕಾಲೇಜ್ ಮ್ಯಾಚ್' ಯೋಜನೆಯು ಆಯ್ಕೆಯಾದವರಿಗೆ ನಾಲ್ಕು ವರ್ಷಗಳ ಪೂರ್ಣ ವೆಚ್ಚವನ್ನು ಒದಗಿಸುತ್ತದೆ.

ಪ್ರತಿಭಾ ವಿದ್ಯಾರ್ಥಿವೇತನಗಳು

ನೆರವಿಗೆ ಅರ್ಹವಾಗದಷ್ಟು ಆದಾಯವಿದ್ದರೂ ಪೂರ್ಣ ಶುಲ್ಕ ತೆರಲಾಗದ ಮಧ್ಯಮ ವರ್ಗದ ಕುಟುಂಬಗಳಿಗೆ ಈ ವರ್ಗವೇ ಆಸರೆ. ಉತ್ತಮ ವಿದ್ಯಾರ್ಥಿಗಳನ್ನು ಆಕರ್ಷಿಸಲು ಬಯಸುವ ಸಾರ್ವಜನಿಕ ವಿಶ್ವವಿದ್ಯಾಲಯಗಳು ಮತ್ತು ಎರಡನೆಯ ಸಾಲಿನ ಖಾಸಗಿ ಕಾಲೇಜುಗಳು ಇದನ್ನು ಧಾರಾಳವಾಗಿ ನೀಡುತ್ತವೆ. 1955ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಮೆರಿಟ್ ನಿಗಮವು ಪೂರ್ವಭಾವಿ ಸ್ಯಾಟ್ ಪರೀಕ್ಷೆಯ ಅಂಕಗಳಿಂದ ವಿದ್ಯಾರ್ಥಿಗಳನ್ನು ಗುರುತಿಸುತ್ತದೆ. ಅದರ ಸ್ವಂತ ಬಹುಮಾನ ಕೇವಲ 2,500 ಡಾಲರ್ ಆದರೂ, ಅಂತಿಮ ಸುತ್ತು ತಲುಪಿದವರಿಗೆ ಅಲಬಾಮಾ ವಿಶ್ವವಿದ್ಯಾಲಯದಂತಹ ಸಂಸ್ಥೆಗಳು ಬೋಧನಾ ಶುಲ್ಕದ ಜೊತೆಗೆ ವಸತಿ ವೆಚ್ಚವನ್ನೂ ಭರಿಸುತ್ತವೆ. ಬಹುಮಾನಕ್ಕಿಂತ ಆ ಮನ್ನಣೆಯ ಬೆಲೆಯೇ ಹೆಚ್ಚೆನ್ನಬಹುದು. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಮೋರ್‌ಹೆಡ್-ಕೇನ್ ಮತ್ತು ವರ್ಜೀನಿಯಾ ವಿಶ್ವವಿದ್ಯಾಲಯದ ಜೆಫರ್ಸನ್ ವಿದ್ಯಾರ್ಥಿವೇತನಗಳು ಪೂರ್ಣ ವೆಚ್ಚವನ್ನು ಕೊಡುವ, ಅಷ್ಟೇ ತೀವ್ರ ಸ್ಪರ್ಧೆಯಿರುವ ಯೋಜನೆಗಳಾಗಿವೆ. ಇಂತಹ ಕೆಲವಕ್ಕೆ ಪ್ರವೇಶದ ಸಾಮಾನ್ಯ ಗಡುವಿಗಿಂತ ಮೊದಲೇ ಅರ್ಜಿ ಸಲ್ಲಿಸಬೇಕಾಗುತ್ತದೆ.

ಖಾಸಗಿ ಪ್ರತಿಷ್ಠಾನಗಳ ಪೈಕಿ ಜ್ಯಾಕ್ ಕೆಂಟ್ ಕುಕ್ ಪ್ರತಿಷ್ಠಾನ, ಗೇಟ್ಸ್ ವಿದ್ಯಾರ್ಥಿವೇತನ ಮತ್ತು ಕೋಕಾ-ಕೋಲಾ ವಿದ್ಯಾರ್ಥಿವೇತನಗಳು ಪ್ರಮುಖವಾದವು. ಹೊರಗಿನಿಂದ ಹಣ ಬಂದಾಗ ಅಷ್ಟೇ ಮೊತ್ತವನ್ನು ತಮ್ಮ ಸಹಾಯಧನದಿಂದ ಕಡಿತಗೊಳಿಸುವ ಕಾಲೇಜುಗಳೂ ಇವೆ. ಆಗ ವಿದ್ಯಾರ್ಥಿಯ ಶ್ರಮದ ಲಾಭ ಕಾಲೇಜಿಗೆ ಸೇರುತ್ತದೆ. ಮೇರಿಲ್ಯಾಂಡ್ ರಾಜ್ಯವು 2017ರಲ್ಲಿ ತನ್ನ ಸಾರ್ವಜನಿಕ ಕಾಲೇಜುಗಳಲ್ಲಿ ಈ ಪದ್ಧತಿಯನ್ನು ನಿರ್ಬಂಧಿಸಿತು.

ಅರ್ಜಿಯನ್ನೇ ಸಲ್ಲಿಸದ ಪ್ರತಿಭಾವಂತರು

ಅರ್ಥಶಾಸ್ತ್ರಜ್ಞರಾದ ಕ್ಯಾರೊಲಿನ್ ಹಾಕ್ಸ್‌ಬಿ ಮತ್ತು ಕ್ರಿಸ್ಟೋಫರ್ ಏವರಿ ಅವರು 2013ರಲ್ಲಿ ಪ್ರಕಟಿಸಿದ ಅಧ್ಯಯನವು, ಅತ್ಯುತ್ತಮ ಅಂಕ ಪಡೆದ ಅಲ್ಪ ಆದಾಯದ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಆಯ್ದ ಶ್ರೇಷ್ಠ ಕಾಲೇಜುಗಳಿಗೆ ಅರ್ಜಿಯನ್ನೇ ಹಾಕುವುದಿಲ್ಲವೆಂದು ತೋರಿಸಿತು. ಅವರು ಸೇರಿದ ಸ್ಥಳೀಯ ಕಾಲೇಜುಗಳಿಗಿಂತ ಆ ಶ್ರೇಷ್ಠ ಕಾಲೇಜುಗಳೇ ಅವರಿಗೆ ಅಗ್ಗವಾಗುತ್ತಿದ್ದವು.

ಮಿಷಿಗನ್ ವಿಶ್ವವಿದ್ಯಾಲಯವು 2015ರಲ್ಲಿ ಆರಂಭಿಸಿದ ಪ್ರಯೋಗವು ಇದರ ಕಾರಣವನ್ನು ಸ್ಪಷ್ಟಪಡಿಸಿತು. ರಾಜ್ಯದ ಅಲ್ಪ ಆದಾಯದ ಪ್ರತಿಭಾವಂತರಲ್ಲಿ ಒಂದು ಗುಂಪಿಗೆ, ಪ್ರವೇಶ ದೊರೆತರೆ ನಾಲ್ಕು ವರ್ಷ ಬೋಧನಾ ಶುಲ್ಕವಿಲ್ಲವೆಂಬ ಖಚಿತ ಭರವಸೆಯ ಪತ್ರವನ್ನು ಕಳುಹಿಸಲಾಯಿತು. ಪತ್ರ ಬಾರದ ಗುಂಪಿನಲ್ಲಿ ಶೇ. 26ರಷ್ಟು ಮಂದಿ ಅರ್ಜಿ ಸಲ್ಲಿಸಿದರೆ, ಪತ್ರ ಪಡೆದವರಲ್ಲಿ ಆ ಪ್ರಮಾಣ ಶೇ. 68ಕ್ಕೆ ಏರಿತು. ಗಮನಾರ್ಹ ಸಂಗತಿಯೆಂದರೆ, ಪತ್ರದಲ್ಲಿ ಹೊಸ ಹಣವೇನೂ ಇರಲಿಲ್ಲ. ಈ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅರ್ಜಿ ಹಾಕಿದ್ದರೆ ಅಷ್ಟು ನೆರವಿಗೆ ಹೇಗೂ ಅರ್ಹರಾಗುತ್ತಿದ್ದರು. ಅದು ಅವರಿಗೆ ಮುಂಚಿತವಾಗಿ ತಿಳಿದಿರಲಿಲ್ಲ, ಅಷ್ಟೆ.

ನೆರವಿನ ಪತ್ರ

ಪ್ರವೇಶದೊಂದಿಗೆ ಬರುವ ನೆರವಿನ ಪತ್ರದಲ್ಲಿ ಸಹಾಯಧನ ಮತ್ತು ಸಾಲಗಳನ್ನು ಒಂದೇ ಪಟ್ಟಿಯಲ್ಲಿ ಕೂಡಿಸಿ ತೋರಿಸುವುದುಂಟು. ಸಾಲವನ್ನು ಬೇರ್ಪಡಿಸಿಯೇ ಕಾಲೇಜುಗಳನ್ನು ಹೋಲಿಸಬೇಕು. ವಿದ್ಯಾರ್ಥಿವೇತನವು ನಾಲ್ಕು ವರ್ಷಕ್ಕೂ ಅನ್ವಯಿಸುತ್ತದೆಯೇ, ಅದಕ್ಕೆ ಕನಿಷ್ಠ ಎಷ್ಟು ಅಂಕ ಉಳಿಸಿಕೊಳ್ಳಬೇಕು ಎಂಬುದೂ ಮುಖ್ಯ. ಉದ್ಯೋಗ ನಷ್ಟ, ಕಾಯಿಲೆ ಮುಂತಾದ ಕಾರಣಗಳಿಂದ ಕುಟುಂಬದ ಸ್ಥಿತಿ ಬದಲಾಗಿದ್ದರೆ ದಾಖಲೆಗಳೊಂದಿಗೆ ಮರುಪರಿಶೀಲನೆ ಕೋರಬಹುದು. ಪ್ರವೇಶ ದೊರೆತರೆ ಸೇರಲೇಬೇಕೆಂಬ ಷರತ್ತಿನ 'ಅರ್ಲಿ ಡಿಸಿಷನ್' ಅರ್ಜಿ ಸಲ್ಲಿಸಿದವರು ಈ ಹೋಲಿಕೆಯ ಅವಕಾಶವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತಾರೆ. ನೆರವು ಸಾಲದಾದಾಗ ಮಾತ್ರ ಬಿಡುಗಡೆ ಕೇಳಬಹುದು.

ಭಾರತೀಯ ವಿದ್ಯಾರ್ಥಿಗಳು

ಭಾರತದಿಂದ ವಿದ್ಯಾರ್ಥಿ ವೀಸಾದಲ್ಲಿ ತೆರಳುವವರಿಗೆ ಪೆಲ್ ಸಹಾಯಧನ ಸೇರಿದಂತೆ ಒಕ್ಕೂಟ ಸರ್ಕಾರದ ನೆರವು ದೊರೆಯುವುದಿಲ್ಲ. ಅಮೇರಿಕದಲ್ಲೇ ಬೆಳೆದಿದ್ದರೂ ಪೋಷಕರ ಉದ್ಯೋಗ ವೀಸಾವನ್ನು ಅವಲಂಬಿಸಿ ಎಚ್-4 ವೀಸಾದಲ್ಲಿರುವ ಮಕ್ಕಳಿಗೂ, ಅಲ್ಲಿನ ಕನ್ನಡಿಗ ಕುಟುಂಬಗಳ ಮಕ್ಕಳು ಸೇರಿದಂತೆ, ಇದೇ ನಿಯಮ ಅನ್ವಯಿಸುತ್ತದೆ. ಗ್ರೀನ್ ಕಾರ್ಡ್ ಪಡೆದವರು ಅರ್ಹರು. ಆದುದರಿಂದ ಇವರಿಗೆ ಕಾಲೇಜಿನ ಸ್ವಂತ ನಿಧಿಯೇ ಮುಖ್ಯ ದಾರಿ.

ಹೆಚ್ಚಿನ ಕಾಲೇಜುಗಳಲ್ಲಿ ವಿದೇಶಿ ವಿದ್ಯಾರ್ಥಿಯು ನೆರವು ಕೇಳಿದರೆ ಪ್ರವೇಶದ ಸಾಧ್ಯತೆ ಕುಗ್ಗುತ್ತದೆ. ಆದರೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಆಮ್‌ಹರ್ಸ್ಟ್, ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಹಾಗೂ 2022ರಿಂದ ಈಚೆಗೆ ಈ ನೀತಿಯನ್ನು ವಿಸ್ತರಿಸಿದ ಡಾರ್ಟ್‌ಮತ್, ಬೋಡನ್ ಮತ್ತು ಬ್ರೌನ್ ವಿದೇಶಿಯರಿಗೂ ಅಗತ್ಯವನ್ನು ಪರಿಗಣಿಸದೆ ಪ್ರವೇಶ ನೀಡಿ, ಅಗತ್ಯವನ್ನು ಪೂರ್ಣವಾಗಿ ತುಂಬಿಕೊಡುತ್ತವೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಟಾಟಾ ಟ್ರಸ್ಟ್ 2008ರಲ್ಲಿ ನೀಡಿದ 2.5 ಕೋಟಿ ಡಾಲರ್ ದತ್ತಿಯಿಂದ ಭಾರತೀಯ ಪದವಿ ವಿದ್ಯಾರ್ಥಿಗಳಿಗೆಂದೇ ಟಾಟಾ ವಿದ್ಯಾರ್ಥಿವೇತನ ನಡೆಯುತ್ತಿದೆ. ಭಾರತ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಸ್ನಾತಕೋತ್ತರ ಮತ್ತು ಪಿಎಚ್.ಡಿ. ವ್ಯಾಸಂಗಕ್ಕೆ ಮಾತ್ರ ಸೀಮಿತವಾಗಿದೆ. ಸೇರುವಾಗ ನೆರವು ಕೋರದ ವಿದೇಶಿ ವಿದ್ಯಾರ್ಥಿಗೆ ಮುಂದಿನ ವರ್ಷಗಳಲ್ಲಿ ನೆರವು ನೀಡದಿರುವುದು ಅನೇಕ ಕಾಲೇಜುಗಳ ನಿಯಮ. ಹೀಗಾಗಿ ಪ್ರವೇಶದ ಅರ್ಜಿಯ ಜೊತೆಯಲ್ಲಿಯೇ ನೆರವಿನ ಅರ್ಜಿಯನ್ನೂ ಸಲ್ಲಿಸಬೇಕಾಗುತ್ತದೆ.