ತುಮಕೂರಿನ ಬೇವು, ಮ್ಯೂನಿಕ್‌ನ ವ್ಯಾಜ್ಯ

ಶಿರಾ ಕಡೆಯ ನಮ್ಮೂರಲ್ಲಿ ಅಜ್ಜಿ ಹುರುಳಿ, ಹೆಸರುಕಾಳಿನ ಮಡಕೆಗೆ ಒಣ ಬೇವಿನ ಸೊಪ್ಪು ತುರುಕಿ ಬಾಯಿ ಕಟ್ಟುತ್ತಿದ್ದಳು. ರಾಗಿಗೆ ಹಾಕುತ್ತಿರಲಿಲ್ಲ, ಅದಕ್ಕೆ ಹುಳ ಬೀಳದು. ಮುಂಗಾರಿನ ಹೊತ್ತಿಗೆ ಉದುರಿದ ಹಣ್ಣನ್ನು ನಾವು ಹುಡುಗರು ಆಯ್ದು, ತಿರುಳು ತೊಳೆದು, ಒಣಗಿಸಿ ಮಾರುತ್ತಿದ್ದೆವು. ಎಣ್ಣೆ ಸೋಪಿಗೆ, ಹಿಂಡಿ ತೆಂಗಿನ ಬುಡಕ್ಕೆ.

90ರ ದಶಕದ ಆರಂಭದಲ್ಲಿ ತುಮಕೂರಿಗೆ ಬೇವಿನ ಕಾರ್ಖಾನೆ ಬಂತು. ಪಿ.ಜೆ. ಮಾರ್ಗೋ ಕಂಪನಿ ಅಮೆರಿಕದ ಡಬ್ಲ್ಯು.ಆರ್. ಗ್ರೇಸ್ ಜೊತೆ ಸೇರಿ ಹಾಕಿದ್ದು. ದಿನಕ್ಕೆ 20 ಟನ್ ಬೀಜ ಅರೆಯುವ ತಾಕತ್ತು. (ಮಾರ್ಗೋಸಾ ಎಂದರೆ ಬೇವು, ಪೋರ್ಚುಗೀಸರ ಬಾಯಿಯ 'ಕಹಿ'ಯಿಂದ ಹುಟ್ಟಿದ ಹೆಸರು.) ಈ ಕಾರ್ಖಾನೆಯ ಬೇರು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿತ್ತು. ಅಲ್ಲಿನ ಮರದ ವ್ಯಾಪಾರಿ ರಾಬರ್ಟ್ ಲಾರ್ಸನ್ 1971ರಿಂದ ಬೇವಿನ ಬೀಜ ತರಿಸಿ ಪ್ರಯೋಗ ಮಾಡಿ, 1985ರಲ್ಲಿ 'ಮಾರ್ಗೋಸಾನ್-ಓ' ಎಂಬ ಕೀಟನಾಶಕಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ. 1988ರಲ್ಲಿ ಅದರ ಹಕ್ಕನ್ನು ಗ್ರೇಸ್‌ಗೆ ಮಾರಿದ. ಬೇವಿನ ಸಾರ ಬೇಗ ಸತ್ವ ಕಳೆದುಕೊಳ್ಳುತ್ತದೆ. ಅದನ್ನು ಕೆಡದಂತೆ ಇಡುವ ವಿಧಾನಕ್ಕೆ ಕಂಪನಿ ಪೇಟೆಂಟ್ ತೆಗೆದುಕೊಂಡಿತು. ಮರಕ್ಕಲ್ಲ.

ಈ ವ್ಯತ್ಯಾಸ ನಮ್ಮೂರಿಗೆ ಮುಟ್ಟಲಿಲ್ಲ. 'ನಮ್ಮ ಬೇವನ್ನೇ ಬರೆಸಿಕೊಂಡರಂತೆ' ಎನ್ನುತ್ತ ಚಿಕ್ಕಪ್ಪ ಹಸಿರು ಶಾಲು ಹೊದ್ದು 1993ರ ಅಕ್ಟೋಬರಿನಲ್ಲಿ ಬೆಂಗಳೂರಿನ ರೈತ ಸಂಘದ ಸಭೆಗೆ ಹೋದರು. ಸಂಘದ ನಾಯಕ ಪ್ರೊ. ನಂಜುಂಡಸ್ವಾಮಿಯವರ ಮಾತು ಕೇಳಿ ಬಂದವರು ವಾರವಿಡೀ ಗ್ಯಾಟ್ ವ್ಯಾಪಾರ ಒಪ್ಪಂದದ ಕರಡಿನ ಹೆಸರು ಹಿಡಿದು ಡಂಕೆಲ್, ಡಂಕೆಲ್ ಎನ್ನುತ್ತಿದ್ದರು.

ಅವರ ಕೋಪ ಪೂರ್ತಿ ಹುಸಿಯಾಗಿರಲಿಲ್ಲ. 1970ರ ನಮ್ಮ ಪೇಟೆಂಟ್ ಕಾಯ್ದೆಯಲ್ಲಿ ಕೀಟನಾಶಕ ವಸ್ತುವಿಗೆ ಪೇಟೆಂಟ್ ಇರಲಿಲ್ಲ, ಹಾಗಾಗಿ ಇಲ್ಲಿ ಯಾರನ್ನೂ ತಡೆಯುವಂತಿರಲಿಲ್ಲ. ಮಾಲು ಕಡಲು ದಾಟಿದ ಮೇಲೆ ಲೆಕ್ಕ ಬೇರೆ. 1994ರಲ್ಲಿ ಮ್ಯೂನಿಕ್‌ನಲ್ಲಿರುವ ಯುರೋಪಿನ ಪೇಟೆಂಟ್ ಕಚೇರಿ, ಬೇವಿನೆಣ್ಣೆಯಿಂದ ಬೆಳೆಯ ಶಿಲೀಂಧ್ರ ತಡೆಯುವ ವಿಧಾನದ ಹಕ್ಕನ್ನು ಗ್ರೇಸ್‌ಗೂ ಅಮೆರಿಕದ ಕೃಷಿ ಇಲಾಖೆಗೂ ಕೊಟ್ಟಿತು. ಅದೇ ಕೆಲಸಕ್ಕೆ ನಮ್ಮವರು ಅಲ್ಲಿ ಎಣ್ಣೆ ಮಾರಬೇಕಾದರೆ ಆ ಇಬ್ಬರನ್ನು ಕೇಳಬೇಕು.

1995ರಲ್ಲಿ ಪರಿಸರ ಹೋರಾಟಗಾರ್ತಿ ವಂದನಾ ಶಿವ, ಯುರೋಪಿನ ಸಂಸದೆ ಮಗ್ದಾ ಆಲ್ವೂಟ್ ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ ಈ ಪೇಟೆಂಟಿನ ವಿರುದ್ಧ ತಕರಾರು ಹೂಡಿದರು. ಮ್ಯೂನಿಕ್‌ನಲ್ಲಿ ತೂಕ ಬಿದ್ದದ್ದು ಅಜ್ಜಿಯ ಮಡಕೆಗಿಂತ, ಪೇಟೆಂಟಿಗೆ ಮೊದಲೇ ಹೊಲದಲ್ಲಿ ಬೇವು ಸಿಂಪಡಿಸಿ ನೋಡಿದ್ದ ಭಾರತೀಯ ಕಾರ್ಖಾನೆಯೊಂದರ ಮುಖ್ಯಸ್ಥರ ಸಾಕ್ಷ್ಯಕ್ಕೆ. 2000ದ ಮೇನಲ್ಲಿ ಪೇಟೆಂಟ್ ರದ್ದಾಯಿತು. ಮೇಲ್ಮನವಿ 2005ರ ಮಾರ್ಚ್ 8ರಂದು ಬಿದ್ದುಹೋಯಿತು.

ಆ ಸುದ್ದಿಯನ್ನು ಚಿಕ್ಕಪ್ಪ ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡರು. ಅದೇ ತಿಂಗಳ ಕೊನೆಯ ಭಾಗದಲ್ಲಿ, ಔಷಧ, ಆಹಾರ, ರಾಸಾಯನಿಕ ವಸ್ತುಗಳಿಗೂ ಪೇಟೆಂಟ್ ಕೊಡುವ ತಿದ್ದುಪಡಿಯನ್ನು ದೆಹಲಿಯ ಸಂಸತ್ತು ಪಾಸು ಮಾಡಿತು. ತಿದ್ದುಪಡಿಯ ಸುದ್ದಿ ಬಂದ ಹಾಳೆಯಲ್ಲಿ ಅವರು ಬೀಡಿ ಕಟ್ಟು ಸುತ್ತಿಟ್ಟಿದ್ದರು.