ಕಿಡೀದ ತಪ್ಪೋ, ಎಣ್ಣೀದ ತಪ್ಪೋ?

ಗಾಡಿ ಎಂಜಿನ್ ಒಳಗ ಏನರ ಸಪ್ಪಳಾ ಬರ್ಲಿಕ್ಕೆ ಶುರು ಆತು ಅಂದ್ರ ನಮ್ಮ ಹುಬ್ಬಳ್ಳಿ ಗ್ಯಾರೇಜಿನೊಳಗ ಕೂಡ್ಲೇ ಎರಡು ಪಾರ್ಟಿ ಆಗ್ತಾವ. ಒಂದು ಪ್ಲಗ್ ಪಾರ್ಟಿ, ಇನ್ನೊಂದು ಪೆಟ್ರೋಲ್ ಪಾರ್ಟಿ. ಸಾರು ಕೆಟ್ಟ್ರ ಉಪ್ಪು ಜಾಸ್ತಿ ಆತೋ ಹುಳಿ ಜಾಸ್ತಿ ಆತೋ ಅಂತ ಮನ್ಯಾಗ ಜಗಳಾ ಹತ್ತತದಲಾ, ಹಂಗ. ಫರಕ್ ಏನಂದ್ರ ಸಾರು ಚೆಲ್ಲಿದ್ರ ಅರ್ಧಾ ತಾಸಿನ ಕೆಲಸ, ಎಂಜಿನ್ನಿಗೆ ತಪ್ಪು ಔಷಧ ಕೊಟ್ರ ಪಿಸ್ಟನ್ನಿಗೇ ತೂತು.

ಈ ಜಗಳಾ ಇವತ್ತಿಂದಲ್ಲ ಮತ್ತ. ನೂರು ವರ್ಷದ ಮ್ಯಾಲಿಂದು. ಟರ್ಬೋ ಗಾಡಿ ಇತಿಹಾಸ ಅಂತ ಬರದವರೆಲ್ಲಾ ಎಷ್ಟು ಹಾರ್ಸ್‌ಪವರ್, ಎಷ್ಟು ಸ್ಪೀಡ್ ಅಂತ ಬರೀತಾರ. ನನಗ ಕೇಳಿದ್ರ ಆ ಇತಿಹಾಸ ಅಂದ್ರ ಈ ಜಗಳದ ಇತಿಹಾಸನ.

ಮೊದ್ಲ ಒಂದು ಮಾತು ತಿಳ್ಕೋಬೇಕು. ಸಿಲಿಂಡರ್ ಒಳಗ ಪ್ಲಗ್ ಕಿಡಿ ಹಾರಿಸಿದ ಮ್ಯಾಲೆ ಬೆಂಕಿ ಒಂದ ಕಡಿಯಿಂದ ಸಾಲಾಗಿ ಹಬ್ಬಬೇಕು, ದೀಪಾವಳಿ ಸರ ಪಟಾಕಿ ಒಂದಾದ ಮ್ಯಾಲೊಂದು ಹಾರ್ತದಲಾ ಹಂಗ. ಒಮ್ಮೊಮ್ಮೆ ಏನಾಗ್ತದ, ಬೆಂಕಿ ಮುಟ್ಟೋಕಿಂತ ಮೊದಲ ತುದೀಗೆ ಉಳಿದ ಗಾಳಿ-ಪೆಟ್ರೋಲ್ ಮಿಶ್ರಣ ಒತ್ತಡಕ್ಕ, ಕಾವಿಗೆ ತಾನ ಹೊತ್ಕೊಂಡು ಬಿಡ್ತದ. ಸರ ಪಟಾಕಿ ಡಬ್ಬಿಗೇ ಬೆಂಕಿ ಬಿದ್ದಂಗ. ಆಗ ಬರೋ ಕಟ್ ಕಟ್ ಸಪ್ಪಳಕ್ಕನ ನಾಕಿಂಗ್ ಅಂತಾರ. ಕಿಡಿ ಲಗೂ ಬಿದ್ರೂ ಇದು ಆಗ್ತದ, ಎಣ್ಣಿ ಹಗರ ಇದ್ರೂ ಆಗ್ತದ. ಅದಕ್ಕ ಜಗಳಾ.

ಅಮೇರಿಕಾದಾಗ ಚಾರ್ಲ್ಸ್ ಕೆಟರಿಂಗ್ ಅಂತ ಒಬ್ಬ ಇಂಜಿನಿಯರ್ ಇದ್ದ. ಕ್ಯಾಡಿಲಾಕ್ ಗಾಡಿಗೆ ಬ್ಯಾಟರಿ-ಕಾಯಿಲ್ ಇಗ್ನಿಷನ್ ಕೊಟ್ಟಾಂವ, 1912ರಾಗ ಸೆಲ್ಫ್ ಸ್ಟಾರ್ಟರ್ ಕೊಟ್ಟಾಂವ. ಹ್ಯಾಂಡಲ್ ತಿರುವಿ ಕೈ ಮುರ್ಕೊಳ್ಳೋದು ತಪ್ಪಿಸಿದ ಪುಣ್ಯಾತ್ಮ. ಆದ್ರ ಆ ಹೊತ್ತಿನಾಗ ಎಂಜಿನ್ ನಾಕ್ ಮಾಡ್ಲಿಕ್ಕೆ ಹತ್ತಿದ್ವು, ಜನ ಎಲ್ಲಾ ಕೂಡಿ ಇವನ ಹೊಸಾ ಕಿಡೀ ಮ್ಯಾಲೆ ತಪ್ಪು ಹೊರಿಸಿದ್ರು. ಅವರ ಕಂಪನಿ ಹಳ್ಳಿ ಮನಿಗಳಿಗೆ ದೀಪಾ ಹಚ್ಚಲಿಕ್ಕೆ ಸಣ್ಣ ಜನರೇಟರ್ ಸೆಟ್ಟೂ ಮಾರ್ತಿತ್ತು, ಅವು ಚಿಮಣಿ ಎಣ್ಣಿ ಮ್ಯಾಲೆ ಓಡ್ತಿದ್ವು, ಅವಂತೂ ಮತ್ತೂ ಜೋರ್ ನಾಕ್ ಮಾಡ್ತಿದ್ವು. ತಪ್ಪು ತಂದಲ್ಲ ಅಂತ ತೋರಸಲಿಕ್ಕೇ ಬೇಕಾತು ಕೆಟರಿಂಗ್‌ಗೆ. ಆ ಕೆಲಸಕ್ಕ ಥಾಮಸ್ ಮಿಜ್ಲೀ ಅನ್ನೋ ಹುಡುಗನ್ನ ಹಚ್ಚಿದಾ.

ಮಿಜ್ಲೀ ಕಥಿ ಮಜಾ ಅದ. ಅಮೇರಿಕಾದಾಗ ಒಂದು ಕಾಡುಬಳ್ಳಿ ಅದ, ಹಿಮದಾಗೂ ಹೂ ಬಿಡ್ತದ, ಅದರ ಎಲಿ ಕೆಂಪು. ಕೆಂಪು ಬಣ್ಣ ಕಾವು ಹೀರ್ತದ, ಹಂಗಾರ ಎಣ್ಣೀನ ಕೆಂಪು ಮಾಡಿದ್ರ ಅದು ಲಗೂ ಆವಿ ಆಗಿ ನಾಕಿಂಗ್ ನಿಂದರಬಹುದು ಅಂತ ಇಬ್ರೂ ವಿಚಾರ ಮಾಡಿದ್ರು. ಕೈಗೆ ಸಿಕ್ಕದ್ದು ಅಯೋಡಿನ್. ಹಾಕಿದ್ರು, ನಾಕಿಂಗ್ ಖರೇನ ಕಡಿಮಿ ಆತು! ಆಮ್ಯಾಲೆ ಬ್ಯಾರೆ ಕೆಂಪು ಬಣ್ಣ ಹಾಕಿ ನೋಡಿದ್ರ ಏನೂ ಆಗ್ಲಿಲ್ಲ. ಬಣ್ಣದ್ದಲ್ಲ, ಅಯೋಡಿನ್ ಕರಾಮತ್ತು ಅದು. ವಿಚಾರ ಪೂರ್ತಿ ತಪ್ಪು, ಉತ್ತರ ಮಾತ್ರ ಬರೋಬ್ಬರಿ. ಎಣ್ಣೀದ ಗುಣಾ ಬದಲಿ ಮಾಡಿದ್ರ ನಾಕಿಂಗ್ ನಿಲ್ತದ ಅಂತ ಸಿದ್ಧ ಆತು, ಕಿಡಿ ಆರೋಪದಿಂದ ಬಿಡುಗಡಿ ಆತು.

1921ರ ಡಿಸೆಂಬರ್ 9ಕ್ಕ ಅವರಿಗೆ ಟೆಟ್ರಾ ಈಥೈಲ್ ಲೆಡ್ ಸಿಕ್ತು, ಅಂದ್ರ ಸೀಸದ ಸಂಯುಕ್ತ. ಪೆಟ್ರೋಲಿನ ಸಾವಿರ ಭಾಗಕ್ಕ ಒಂದು ಭಾಗಕ್ಕಿಂತ ಕಡಿಮಿ ಹಾಕಿದ್ರೂ ಸಾಕು, ಎಂಜಿನ್ ಮೌನ. ಮದ್ಯಸಾರಾನೂ ನಾಕಿಂಗ್ ತಡೀತದ ಅನ್ನೋದು ಅವರಿಗೆ ಗೊತ್ತಿತ್ತು. ಆದ್ರ ಅದು ಭಾಳ ಬೇಕು, ಪೇಟೆಂಟೂ ಸಿಗಂಗಿಲ್ಲ. 1924ರ ಅಕ್ಟೋಬರದಾಗ ನ್ಯೂಜೆರ್ಸಿ ರಿಫೈನರಿಯೊಳಗ ಈ ಸೀಸಾ ತಯಾರು ಮಾಡೋ ಐದು ಮಂದಿ ಹುಚ್ಚು ಹಿಡಿದವರಂಗ ಆಗಿ ಸತ್ರು. ಪತ್ರಕರ್ತರ ಮುಂದ ಮಿಜ್ಲೀ ಅದನ್ನ ಕೈಮ್ಯಾಲೆ ಸುರ್ಕೊಂಡು, ಒಂದು ನಿಮಿಷ ಮೂಸಿ, ಏನೂ ಆಗಂಗಿಲ್ಲ ಅಂತ ತೋರಿಸಿದಾ. ಹಿಂದಿನ ವರ್ಷ ತಾನ ಸೀಸದ ವಿಷಾ ಏರಿ ರಜಾ ಹಾಕಿ ಮಲ್ಕೊಂಡಿದ್ದಾ ಅನ್ನೋದು ಮಾತ್ರ ಹೇಳ್ಲಿಲ್ಲ. ನಮ್ಮ ದೇಶದಾಗ ಸೀಸದ ಪೆಟ್ರೋಲ್ ಪೂರಾ ನಿಂತದ್ದು 2000ದಾಗ. ಅಂದ್ರ ನಾವು ಸ್ಕೂಟರ್ ಮುಂದ ನಿಂತು ಸಾಲಿಗೆ ಹೋದ ಮಂದಿ ಎಲ್ಲಾ ಆ ಹೊಗಿ ಕುಡದವರ. ಎಂಜಿನ್ ಸಪ್ಪಳಾ ನಿಂದ್ರಸಲಿಕ್ಕೆ ಹುಡುಗರ ತಲಿಗೆ ವಿಷಾ ಕೊಟ್ಟ ಕಥಿ ಇದು. ಈ ಲೆಕ್ಕಾ ಯಾವ ಹಾರ್ಸ್‌ಪವರ್ ಪಟ್ಟಿಯೊಳಗೂ ಬರಂಗಿಲ್ಲ.

ಇನ್ನ ಟರ್ಬೋ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಾಗ ಪೇಟೆಂಟ್ ತಗೊಂಡಿದ್ದ. ಹೊಗಿ ಕೊಳವಿಯಿಂದ ವ್ಯರ್ಥ ಹೋಗೋ ಬಿಸಿ ಗಾಳಿಯಿಂದ ಚಕ್ರಾ ತಿರುವಿ, ಆ ಚಕ್ರದಿಂದ ಎಂಜಿನ್ನಿಗೆ ಹೆಚ್ಚಿನ ಗಾಳಿ ತುರಕೋದು. 1918ರಾಗ ಸ್ಯಾನ್‌ಫರ್ಡ್ ಮಾಸ್ ಅನ್ನಾಂವ ವಿಮಾನದ ಲಿಬರ್ಟಿ ಎಂಜಿನ್ನ ಕೊಲರಾಡೋದ ಪೈಕ್ಸ್ ಪೀಕ್ ಗುಡ್ಡದ ಮ್ಯಾಲೆ, 14,000 ಫೂಟ್ ಎತ್ತರಕ್ಕ ಒಯ್ದು ಟರ್ಬೋ ಹಚ್ಚಿ ಓಡಿಸಿ ತೋರಿಸಿದಾ. ತೆಳುವಾದ ಗಾಳಿಯೊಳಗೂ ಸಮುದ್ರ ಮಟ್ಟದಷ್ಟ ಶಕ್ತಿ ಬಂತು. ಎತ್ತರದಾಗ ಇದು ಛಲೋ, ಕಳಕೊಂಡ ಗಾಳಿ ವಾಪಸ್ ಸಿಗ್ತದ. ರಸ್ತಾದ ಮ್ಯಾಲೆ ಓಡೋ ಕಾರಿಗೆ ಹಚ್ಚಿದ್ರ ಇದ್ದದ್ದರ ಮ್ಯಾಲೆ ಮತ್ತ ತುರಕಿದಂಗ. ಒತ್ತಡ ಹೆಚ್ಚು, ಕಾವು ಹೆಚ್ಚು, ನಾಕಿಂಗ್ ಬಾಗಲಾ ಬಡೀತದ.

1962ರಾಗ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಬಂತು. 215 ಹಾರ್ಸ್‌ಪವರಿನ ವಿ-8. ಕಂಪ್ರೆಶನ್ ರೇಶಿಯೋ 10.25 ಇಟ್ಟು ಅದರ ಮ್ಯಾಲೆ ಟರ್ಬೋ ಹಚ್ಚಿದ್ರು. ಧೈರ್ಯಾ ಅಂದ್ರ ಧೈರ್ಯಾ. ನಾಕಿಂಗ್ ತಡೀಲಿಕ್ಕೆ ಒಂದು ಬ್ಯಾರೆ ಡಬ್ಬಿ ಇಟ್ಟು, ಅದರಾಗ ನೀರು ಮತ್ತ ಮೆಥನಾಲ್ ಕೂಡಿಸಿದ ದ್ರವ ತುಂಬಿ, ಬೂಸ್ಟ್ ಏರಿದಾಗ ಎಂಜಿನ್ನಿಗೆ ಸಿಂಪಡಿಸ್ತಿದ್ರು. ಅದಕ್ಕ 'ಟರ್ಬೋ ರಾಕೆಟ್ ಫ್ಲೂಯಿಡ್' ಅಂತ ಹೆಸರಿಟ್ರು. ಯುಕ್ತಿ ಬರೋಬ್ಬರಿನ ಇತ್ತು, ಕಾವು ಇಳೀತಿತ್ತು. ಕೆಟ್ಟದ್ದು ಎಲ್ಲೆಂದ್ರ, ಪೆಟ್ರೋಲ್ ತುಂಬಿಸೋದ ನೆನಪಿಲ್ಲದ ಮಂದಿ ಈ ಎರಡನೇ ಡಬ್ಬಿ ನೆನಪಿಡ್ತಾರೇನು? ವಾಟರ್ ಫಿಲ್ಟರ್ ಕ್ಯಾಂಡಲ್ ವರ್ಷಕ್ಕೊಮ್ಮೆ ಬದಲಿ ಮಾಡ್ರಿ ಅಂದ್ರ ನಾವು ಮಾಡ್ತೀವೇನು? ಡಬ್ಬಿ ಖಾಲಿ ಆದ್ರ ಬೂಸ್ಟ್ ಕಟ್ ಆಗೋ ವ್ಯವಸ್ಥಾ ಇತ್ತು, ಆದ್ರ ಗಿರಾಕಿಗೆ ಕಾಣೋದು ಗಾಡಿ ಎಳೀವಲ್ತು ಅನ್ನೋದಷ್ಟ. ಎರಡು ವರ್ಷದಾಗ ಸುಮಾರು 9,600 ಗಾಡಿ ಮಾಡಿ ಅಂಗಡಿ ಮುಚ್ಚಿದ್ರು. ಎಷ್ಟೋ ಗಾಡಿಯಿಂದ ಟರ್ಬೋನ ಬಿಚ್ಚಿ ಸಾದಾ ಕಾರ್ಬುರೇಟರ್ ಹಾಕಿದ್ರು.

ಜರ್ಮನ್ನರು ಇನ್ನೊಂದು ಹಾದಿ ಹಿಡದ್ರು, ಕಂಪ್ರೆಶನ್ನ ಇಳಿಸಿಬಿಡೋದು. 1973ರ ಬಿಎಂಡಬ್ಲ್ಯೂ 2002 ಟರ್ಬೋದಾಗ 6.9, 1975ರ ಪೋರ್ಶೆ 911 ಟರ್ಬೋದಾಗ 6.5. ನಾಕಿಂಗ್ ಇಲ್ಲ, ಆದ್ರ ಬೂಸ್ಟ್ ಬರೋತನಕ ಗಾಡಿ ಎಮ್ಮಿ, ಬಂದ ಮ್ಯಾಲೆ ಹೋರಿ.

ನನಗ ಭಾಳ ಸೇರೋದು ಸ್ವೀಡನ್ನಿನ ಸಾಬ್‌ನವರ ವಿಚಾರ. 1978ರಾಗ ಅವರ 99 ಟರ್ಬೋ ಮನೀ ಮಂದಿ ಓಡಸೋ ಗಾಡಿಯಾಗಿ ಬಂತು. ಪೆರ್ ಯಿಲ್‌ಬ್ರಾಂಡ್ ಅನ್ನೋ ಇಂಜಿನಿಯರ್ ಮುಂದ ಹೋಗಿ ಎಂಜಿನ್ ಬ್ಲಾಕಿಗೆ ಒಂದು ಸಣ್ಣ ಕಿವಿ ಹಚ್ಚಿದಾ, ನಾಕ್ ಸೆನ್ಸರ್. 1982ರ 900 ಟರ್ಬೋದಾಗ ಈ ಕಿವಿ ಕಟ್ ಕಟ್ ಕೇಳಿದ ಕೂಡ್ಲೇ ಬೂಸ್ಟ್ ಇಳಿಸ್ತಿತ್ತು, ಸಪ್ಪಳಾ ನಿಂತ್ರ ಮತ್ತ ಏರಿಸ್ತಿತ್ತು. ಎಂಥಾ ಪೆಟ್ರೋಲ್ ಹಾಕಿದ್ರೂ ಗಾಡಿ ತಾನ ಹೊಂದ್ಕೊಳ್ತಿತ್ತು. ಅದರಿಂದ ಕಂಪ್ರೆಶನ್ 7.2ರಿಂದ 8.5ಕ್ಕ ಏರಿಸಲಿಕ್ಕೂ ಬಂತು. ಅಮೇರಿಕಾದ ಬ್ಯೂಕ್‌ನವರು 1978ರಾಗನ ಕಿವಿ ಹಚ್ಚಿದ್ರು ಖರೆ, ಆದ್ರ ಅವರು ಬೂಸ್ಟ್ ಬಿಟ್ಟು ಕಿಡೀನ ತಡಾ ಮಾಡ್ತಿದ್ರು. ನೋಡ್ರಿ, ಇಲ್ಲೂ ಎರಡು ಪಾರ್ಟಿ!

ಎಣ್ಣಿ ಪಾರ್ಟಿಯವರ ಅತೀ ದೊಡ್ಡ ಜಾತ್ರಿ ಅಂದ್ರ ಫಾರ್ಮುಲಾ ಒನ್. 1988ರಾಗ ಹೋಂಡಾದವರ 1.5 ಲೀಟರ್ ಟರ್ಬೋ ಹಚ್ಚಿದ ಮೆಕ್ಲಾರೆನ್ 16ರಾಗ 15 ರೇಸ್ ಗೆದ್ದಿತು. ಒಂದು ರೇಸಿಗೆ 150 ಲೀಟರ್ ಎಣ್ಣಿ ಅಷ್ಟ, ಆಕ್ಟೇನ್ 102 ದಾಟಬಾರದು ಅಂತ ರೂಲು. ಹೋಂಡಾದವರು 84 ಪಾಲು ಟಾಲ್ವೀನ್, 16 ಪಾಲು ಹೆಪ್ಟೇನ್ ಕೂಡಿಸಿದ್ರು. ಟಾಲ್ವೀನ್ ನಾಕ್ ಮಾಡಂಗಿಲ್ಲ, ಅದೊಂದ ಹಾಕಿದ್ರ 102 ದಾಟ್ತದ. ಹಂಗಂತ ಆಕ್ಟೇನ್ ಮಾಪಿನ ಸೊನ್ನಿ ಅಂತ ಯಾವ ಎಣ್ಣೀನ ಇಟ್ಟಾರೋ, ಆ ಹೆಪ್ಟೇನ್ನ ಬೆರೆಸಿ ರೂಲಿನೊಳಗ ಕೂಡಿಸಿದ್ರು. ಟಾಲ್ವೀನ್ ಲಗೂ ಆವಿ ಆಗಂಗಿಲ್ಲ ಅಂತ ಎಣ್ಣೀನ ಮೊದಲ ಕಾಯ್ಸಿ ಕೊಡ್ತಿದ್ರು. ನಮ್ಮ ಅಜ್ಜಿ ಚಕ್ಕಲಿ ಹಿಟ್ಟಿಗೆ ಬಿಸಿ ಎಣ್ಣಿ ಹಾಕೋಷ್ಟ ಹಿಸಾಬಿನ ಕೆಲಸ.

ಅಲ್ಲಿಂದ ಈ ವಿದ್ಯಾ ಚಿಪ್ಪಿನೊಳಗ ಸೇರಿ ಮನೀ ಬಾಗಲಿಗೆ ಬಂತು. ಯಾವ ಒತ್ತಡಕ್ಕ ಎಷ್ಟು ಎಣ್ಣಿ, ಯಾವಾಗ ಕಿಡಿ ಅನ್ನೋದು ಈಗ ಒಂದು ಕೋಷ್ಟಕ, ಅದಕ್ಕ ಮ್ಯಾಪ್ ಅಂತಾರ. ಲ್ಯಾಪ್‌ಟಾಪ್ ಇದ್ದವರೆಲ್ಲಾ ಟ್ಯೂನರ್. ನಮ್ಮ ಅಕ್ಕನ ಮಗ ಒಂದು ಹಳೇ ಟರ್ಬೋ ಪೆಟ್ರೋಲ್ ಗಾಡಿ ತಗೊಂಡು, ಬ್ಯಾರೆ ಊರಾಗ ಹೊಸಾ ಮ್ಯಾಪ್ ಹಾಕಿಸ್ಕೊಂಡು ಬಂದ. ಬೂಸ್ಟ್ ಏರಿಸಿದ್ರು. ಮೂರನೇ ಗೇರಿನಾಗ ಪೂರಾ ಒತ್ತಿದ್ರ ಗಾಡಿ ಬಿಕ್ಕಳಿಸಲಿಕ್ಕೆ ಶುರು ಮಾಡ್ತು. ಮೀಟರ್ ನೋಡಿದ್ರ 'ಲೀನ್' ಅಂತ ತೋರಸ್ತದ, ಅಂದ್ರ ಎಣ್ಣಿ ಸಾಲವಲ್ತು. ಟ್ಯೂನರ್ ಫೋನಿನಾಗ ಎಣ್ಣಿ ಏರಿಸಿದ ಮ್ಯಾಪ್ ಕಳಿಸಿದಾ, ಬಿಕ್ಕಳಿಕಿ ಮತ್ತೂ ಹೆಚ್ಚಾತು. ದೊಡ್ಡ ಇಂಜೆಕ್ಟರ್, ದೊಡ್ಡ ಪಂಪ್ ಹಾಕಿಸ್ಬೇಕಂತ ಹೇಳಿದಾ. ಹುಡುಗ ಅವ್ವನ ಬಳಿ ಅಡವಿಡಲಿಕ್ಕೆ ಕೇಳೋತನಕ ಹೋಗಿತ್ತು.

ನಮ್ಮ ಓಣಿ ಮಿಸ್ತ್ರಿ ಹೇಳಿದ್ದು ಒಂದ ಮಾತು: "ತಮ್ಮಾ, ಪಂಪ್ ಆಮ್ಯಾಲೆ ನೋಡೂಣು, ಮೊದಲ ಪ್ಲಗ್ ಬಿಚ್ಚು."

ಇದರ ಗುಟ್ಟು ಹಿಂಗದ. ಗಾಳಿ ದಟ್ಟ ಆದಷ್ಟೂ ಕಿಡಿ ಜಿಗೀಲಿಕ್ಕೆ ಹೆಚ್ಚಿನ ವೋಲ್ಟೇಜ್ ಬೇಕು, ಇದನ್ನ 1889ರಾಗನ ಪಾಶೆನ್ ಅನ್ನೋ ಜರ್ಮನ್ ವಿಜ್ಞಾನಿ ಲೆಕ್ಕಾ ಹಾಕಿ ತೋರಿಸಿದ್ದ. ಬೂಸ್ಟ್ ಏರಿಸಿದ್ರ ಹಳೇ ಕಾಯಿಲ್ ಆ ಅಂತರಾ ದಾಟಸಂಗಿಲ್ಲ, ಕಿಡಿ ಬೀಳಂಗಿಲ್ಲ. ಕಿಡಿ ಬೀಳ್ದಿದ್ರ ಎಣ್ಣಿ ಸುಡಂಗಿಲ್ಲ, ಅದರ ಜೊತಿ ಆಮ್ಲಜನಕಾನೂ ಹಂಗ ಹೊರಗ ಹೋಗ್ತದ. ಸೈಲೆನ್ಸರ್ ಹಾದಿಯೊಳಗಿನ ಸೆನ್ಸರ್ ನೋಡೋದು ಆಮ್ಲಜನಕ ಅಷ್ಟ. ಅದು ಹೆಚ್ಚಾತು ಅಂದ್ರ 'ಎಣ್ಣಿ ಕಡಿಮಿ' ಅಂತ ಓದ್ತದ. ಟ್ಯೂನರ್ ಎಣ್ಣಿ ಏರಸ್ತಾನ, ಒದ್ದಿ ಪ್ಲಗ್ ಮತ್ತೂ ಸೋಲ್ತದ. ಕಿಡೀ ತಪ್ಪು ಎಣ್ಣೀ ಮ್ಯಾಲೆ ಬಂತು, ಕೆಟರಿಂಗ್‌ಗೆ ಆದದ್ದರ ಉಲ್ಟಾ.

ಪ್ಲಗ್ಗಿನ ಅಂತರಾ ಒಂದು ಮಿಲಿಮೀಟರಿಗಿಂತ ಜಾಸ್ತಿ ಇತ್ತು. ಹೊಸಾ ಪ್ಲಗ್ ತಂದು 0.7ಕ್ಕ ಬಡದು ಕೂಡಿಸಿ, ಹಳೇ ಮ್ಯಾಪ್ ವಾಪಸ್ ಹಾಕಿಸಿದ್ರು, ಬಿಕ್ಕಳಿಕಿ ಮಾಯ. ಬಳಿ ಉಳೀತು. ಹಂಗಂತ ಪಂಪಿನ ಮಾತು ಸುಳ್ಳಲ್ಲ ಮತ್ತ. ಇಂಜೆಕ್ಟರಿಗೆ 3 ಬಾರ್ ಒತ್ತಡದ ಅಂತರಾ ಬೇಕಂದ್ರ, 1 ಬಾರ್ ಬೂಸ್ಟ್ ಎದುರಿಗೆ ಪಂಪ್ 4 ಬಾರ್ ದೂಡಬೇಕು. ಒತ್ತಡ ಏರಿದಷ್ಟೂ ಪಂಪಿನ ಹರಿವು ಇಳೀತದ. ಅದನ್ನ ಊಹಿಸಬಾರದು, ಗೇಜ್ ಹಚ್ಚಿ ಓಡಿಸಿ ನೋಡಬೇಕು. ಅಲ್ಲಿ ಒತ್ತಡ ಬಿತ್ತು ಅಂದ್ರ ಎಣ್ಣಿ ಪಾರ್ಟಿ ಗೆದ್ದಂಗ. ಇನ್ನ ಖರೇ ಖರೇ ಎಣ್ಣಿ ಕಡಿಮಿ ಆದ ಗಾಡಿ ಬಿಕ್ಕಳಿಸೋಕಿಂತ ಮೊದಲ ಪಿಸ್ಟನ್ ಕರಗಿಸಿಬಿಡಬಹುದು, ಅದಕ್ಕ ಈ ಪರೀಕ್ಷಾ ಮುಗಿಯೋತನಕ ಆಕ್ಸಿಲರೇಟರ್ ಮ್ಯಾಲೆ ಕಾಲು ಹಗರ ಇರಬೇಕು.

ಈಗ ಹೊಸಾ ತಕರಾರು ಬಂದದ, ಇ-20. ನಮ್ಮ ಬೆಳಗಾವಿ, ಬಾಗಲಕೋಟಿ ಕಬ್ಬಿನಿಂದ ಬಂದ ಎಥನಾಲ್ ಪೆಟ್ರೋಲಿನೊಳಗ ಐದರಾಗೊಂದು ಪಾಲು. ಅದ 1921ರಾಗ ಬದಿಗಿಟ್ಟ ಮದ್ಯಸಾರ. ಸಾದಾ ಪೆಟ್ರೋಲ್ ಒಂದು ಕಿಲೋ ಸುಡ್ಲಿಕ್ಕೆ 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಸಾಕು, ಇ-20ಕ್ಕ ಸುಮಾರು 13.5. ಅಂದ್ರ ಅಷ್ಟ ಗಾಳಿಗೆ ಎಣ್ಣಿ ಎಂಟೊಂಬತ್ತು ಪರ್ಸೆಂಟ್ ಜಾಸ್ತಿ ಬೇಕು. ಹಗರಾಗಿ ಓಡಸುವಾಗ ಸೆನ್ಸರ್ ನೋಡಿ ಕಂಪ್ಯೂಟರ್ ಸರಿ ಮಾಡ್ಕೋತದ. ಪೂರಾ ಬೂಸ್ಟಿನಾಗ ಭಾಳ ಗಾಡಿ ಮ್ಯಾಪನ್ನ ನಂಬಿ ಓಡ್ತಾವ, ಅಲ್ಲಿ ಹಳೇ ಮ್ಯಾಪ್ ಇದ್ರ ಎಣ್ಣಿ ಕಡಿಮಿ ಬೀಳ್ತದ. ಎಥನಾಲ್ ನಾಕಿಂಗ್ ತಡೀತದ ಅನ್ನೋದು ಒಂದು ಸಮಾಧಾನ. ಮ್ಯಾಪ್ ಹಾಕಿಸ್ಲಿಕ್ಕೆ ಹೋದವರು ಟ್ಯೂನರ್‌ಗೆ ಮೊದಲ ಕೇಳೋ ಪ್ರಶ್ನಿ ಇದ ಇರ್ಲಿ: ಯಾವ ಎಣ್ಣೀ ಮ್ಯಾಲೆ ಮಾಡಿದ್ದ್ರಿ ಇದನ್ನ, ಪ್ಲಗ್ ಅಂತರಾ ಎಷ್ಟಿಟ್ಟಿದ್ದ್ರಿ?